ರೆಕ್ಕೆ ಮುರಿಯುವ ಕೆಲಸ

ಮಾವ ತೀರಿಕೊಂಡ ಮೇಲೆ ಅತ್ತೆ ತುಮಕೂರಿನ ಬಾಡಿಗೆ ಮನೆ ಖಾಲಿ ಮಾಡಿ ನಮ್ಮ ಜೊತೆ ಇರಲು ದೆಹಲಿಗೆ ಬಂದರು. ಬಂದ ಹೊಸದರಲ್ಲೇ ದ್ವಾರಕಾದ ನಮ್ಮ ಸೊಸೈಟಿಯ ಪಾರ್ಕಿನಲ್ಲಿ ಸಂಜೆ ಕೂರುವ ಹೆಂಗಸರು ಅವರನ್ನು ಸುತ್ತುವರಿದು, ಮಗ ಏನು ಮಾಡುತ್ತಾನೆ, ಸೊಸೆ ಏನು ಮಾಡುತ್ತಾಳೆ ಎಂದು ವಿಚಾರಿಸಿದರಂತೆ. ಮಗನ ವಿಷಯ ಸುಲಭವಾಗಿತ್ತು. "ಸರ್ಕಾರಿ ಆಫೀಸರ್" ಎಂದರೆ ಮುಗಿಯಿತು. ಸೊಸೆಯ ವಿಷಯಕ್ಕೆ ಅತ್ತೆಯ ಬಳಿ ಇದ್ದ ಹಿಂದಿ ಸಾಲಲಿಲ್ಲ. ಎರಡೂ ಕೈ ಚಾಚಿ ವಿಮಾನದ ರೆಕ್ಕೆ ತೋರಿಸಿ, ಆಮೇಲೆ ಕಡ್ಡಿ ಮುರಿಯುವಂತೆ ಕೈಯಾಡಿಸಿ, "ಹವಾಯಿ ಜಹಾಜ್... ತೋಡ್ತಾ" ಎಂದುಬಿಟ್ಟರು.

ವಿಮಾನ ನಿಲ್ದಾಣ ನಮ್ಮ ಮನೆಗೆ ಹತ್ತಿರವೇ ಇದ್ದುದರಿಂದ ಆ ಹೆಂಗಸರು ನಂಬಿದರು. ಹಳೆಯ ವಿಮಾನಗಳನ್ನು ಗುಜರಿಗೆ ಹಾಕುವ ಯಾವುದೋ ಕಂಪನಿಯಲ್ಲಿ ನನಗೆ ದೊಡ್ಡ ಕೆಲಸ ಎಂದು ಬಹಳ ದಿನ ತಿಳಿದುಕೊಂಡಿದ್ದರು. ಪಕ್ಕದ ಬ್ಲಾಕಿನ ಆಂಟಿಯೊಬ್ಬರು ನನ್ನನ್ನು ಲಿಫ್ಟಿನಲ್ಲಿ ಹಿಡಿದು, ಒಳ್ಳೆಯ ಅಲ್ಯೂಮಿನಿಯಂ ಸಿಕ್ಕಿದರೆ ಹೇಳಿ ಎಂದು ಕೇಳಿದಾಗಲೇ ನನಗೆ ಇದು ಗೊತ್ತಾಗಿದ್ದು.

ಅತ್ತೆ ಹೇಳಿದ್ದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ. ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ವಿಮಾನಗಳಿಗೆ ಬಳಸುವ ಹಗುರ ವಸ್ತುಗಳು ನನ್ನ ವಿಷಯ. ಅದರಲ್ಲೂ ಕಾರ್ಬನ್ ನಾರಿನ ಬಟ್ಟೆಗೆ ಅಂಟು ಹಿಡಿಸಿ, ಪದರ ಪದರವಾಗಿ ಕೂರಿಸಿ, ಬೇಯಿಸಿ ಮಾಡುವ ವಸ್ತು. ಒಂದು ಹೊಸ ವಸ್ತು ಎಷ್ಟು ಗಟ್ಟಿ ಎಂದು ತಿಳಿಯಬೇಕಾದರೆ ಅದನ್ನು ಮುರಿದೇ ನೋಡಬೇಕು. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾಗ ನಮ್ಮ ಮೇಷ್ಟ್ರೊಬ್ಬರು ಕಪ್ಪು ಕೊಳವೆಯೊಂದನ್ನು ಕ್ಲಾಸಿಗೆ ತಂದು ಕೈಯಿಂದ ಕೈಗೆ ದಾಟಿಸಿದ್ದರು. ಅದು ನನ್ನ ಕೈಗೆ ಬಂದಾಗ ಭಾರ ಇರುತ್ತದೆಂದು ತೋಳು ಬಿಗಿ ಹಿಡಿದಿದ್ದೆ. ಕೊಳವೆ ಗರಿಯ ಹಾಗೆ ಮೇಲಕ್ಕೆ ಎದ್ದುಬಿಟ್ಟಿತು. ಕ್ಲಾಸೆಲ್ಲ ನಕ್ಕಿತು. ನಾನು ಮಾತ್ರ ಅದನ್ನು ಪಕ್ಕದವಳಿಗೆ ಕೊಡದೆ ಹಿಡಿದುಕೊಂಡೇ ಕೂತಿದ್ದೆ. ಆಮೇಲೆ ಬೆಂಗಳೂರಿನಲ್ಲಿ ಓದು, ಸಂಶೋಧನೆ, ಮದುವೆ, ಮಗಳು. ಎರಡು ಸಾವಿರದ ಆಸುಪಾಸಿನಲ್ಲಿ ಯಜಮಾನರಿಗೆ ದೆಹಲಿಗೆ ವರ್ಗವಾದಾಗ ನಾನೂ ಅಲ್ಲೊಂದು ಸಂಸ್ಥೆಯಲ್ಲಿ ಕೆಲಸ ಹಿಡಿದೆ.

ಪ್ರಯೋಗಾಲಯ ಎಂದು ನನಗೆ ಕೊಟ್ಟದ್ದು ಹಳೆಯ ವರ್ಕ್‌ಶಾಪಿನ ಹಿಂದಿನ ಒಂದು ಉದ್ದನೆಯ ಕೋಣೆ. ಅದನ್ನು ಗುಡಿಸಿ ಬಳಿದುಕೊಂಡು ಒಂದೊಂದೇ ಸಾಮಾನು ಸೇರಿಸಿದೆ. ಅಂಟು ಹಿಡಿಸಿದ ಕಾರ್ಬನ್ ಬಟ್ಟೆ ಬೆಚ್ಚಗಾದರೆ ತಾನಾಗಿ ಗಟ್ಟಿಯಾಗಿ ಕೆಟ್ಟುಹೋಗುತ್ತದೆ. ಹಾಗಾಗಿ ಅದನ್ನಿಡಲು ಐಸ್‌ಕ್ರೀಂ ಅಂಗಡಿಯಲ್ಲಿರುವಂಥ ದೊಡ್ಡ ಫ್ರೀಜರ್ ಬಂತು. ಬೇಯಿಸುವುದಕ್ಕೆ ಓಖ್ಲಾದಲ್ಲಿ ಬೇಕರಿಗಳಿಗೆ ಒಲೆ ಮಾಡಿಕೊಡುವವರೊಬ್ಬರು ದೊಡ್ಡ ಅವನ್ ಮಾಡಿಕೊಟ್ಟರು. ಒಳಗೇನು ಬೇಯಿಸುತ್ತೀರಿ ಎಂದು ಅವರು ಕೇಳಿದ್ದಕ್ಕೆ ನಾನು ರೆಕ್ಕೆ ಎಂದೆ. ಕೋಳಿಯ ರೆಕ್ಕೆಯೆಂದು ತಿಳಿದು, ಅಷ್ಟಕ್ಕೆ ಇಷ್ಟು ದೊಡ್ಡ ಅವನ್ ಯಾಕೆ ಮೇಡಂ ಎಂದರು. ಬೇಸಿಗೆಯಲ್ಲಿ ಕರೆಂಟ್ ಹೋದಾಗಲೆಲ್ಲ ನನ್ನ ಜೀವ ಆ ಫ್ರೀಜರಿನಲ್ಲಿರುತ್ತಿತ್ತು. ಮನೆಯಲ್ಲಿ ಫ್ಯಾನ್ ನಿಂತ ಕೂಡಲೇ ಮಗಳು, "ಅಮ್ಮಾ, ಆಪ್‌ಕಾ ಕಪಡಾ ಮೆಲ್ಟ್ ಆಗತ್ತೆ" ಎಂದು ಕೂಗುತ್ತಿದ್ದಳು. ದೆಹಲಿಯಲ್ಲೇ ಬೆಳೆದ ಅವಳ ಕನ್ನಡ ಯಾವಾಗಲೂ ಹಾಗೆಯೇ, ಮೂರು ಭಾಷೆಗಳ ಚಿತ್ರಾನ್ನ.

ಆ ಕೋಣೆಗೆ ಒಂದು ವರ್ಷ ಭದ್ರಾವತಿಯಿಂದ ಒಬ್ಬ ಹುಡುಗಿ ಬಂದಳು. ಎಂ.ಟೆಕ್ ಮುಗಿಸಿ ನನ್ನ ಕೈಕೆಳಗೆ ಪಿಎಚ್‌ಡಿ ಮಾಡಲು ಸೇರಿದವಳು. ಅವಳ ತಂದೆ ಕಬ್ಬಿಣದ ಕಾರ್ಖಾನೆಯ ಕುಲುಮೆಯಲ್ಲಿ ಕೆಲಸ ಮಾಡುತ್ತಿದ್ದರು. ತೆಳ್ಳಗೆ, ಎತ್ತರಕ್ಕೆ ಇದ್ದಳು. ತಲೆಯ ಮೇಲಿನ ದುಪ್ಪಟ್ಟಾ ಜಾರದಂತೆ ಪಿನ್ನು ಹಾಕಿರುತ್ತಿದ್ದಳು. ಮೊದಲ ದಿನ ನನ್ನ ಜೊತೆ ಇಂಗ್ಲಿಷಿನಲ್ಲೇ ಮಾತಾಡಿದಳು. ಎರಡನೆಯ ದಿನ ನಾನು ಫೋನಿನಲ್ಲಿ ಅತ್ತೆಗೆ "ಹಾಲು ಉಕ್ಕತ್ತೆ ನೋಡಿಕೊಳ್ಳಿ" ಎಂದದ್ದನ್ನು ಕೇಳಿಸಿಕೊಂಡು, "ಅಯ್ಯೋ ಮೇಡಂ, ನೀವು ನಮ್ಮವರೇನಾ" ಎಂದಳು. ಆಮೇಲೆ ಅವಳ ಬಾಯಿಂದ ನನಗೆ ಇಂಗ್ಲಿಷ್ ಕೇಳಿಸಿದ್ದು ಸೆಮಿನಾರುಗಳಲ್ಲಿ ಮಾತ್ರ.

ಅವಳನ್ನು ಮೊದಲ ಸಲ ಭಾನುವಾರದ ಊಟಕ್ಕೆ ಕರೆದೊಯ್ದಾಗ ಅತ್ತೆ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಹಾಸ್ಟೆಲ್‌ನಲ್ಲಿ ಊಟ ಹಾಕ್ತಾರೋ ಇಲ್ವೋ" ಎಂದರು.

"ಹಾಕ್ತಾರೆ ಅಜ್ಜಿ. ದಿನಾ ರಾಜ್ಮಾ."

"ಅದು ಊಟ ಅಲ್ಲಮ್ಮ. ಕೂತ್ಕೋ."

ಅಂದಿನಿಂದ ಭಾನುವಾರ ಅವಳು ನಮ್ಮ ಮನೆಯವಳೇ ಆದಳು. ಆ ವರ್ಷದ ರಂಜಾನ್ ತಿಂಗಳಲ್ಲಿ ಅವಳು ಉಪವಾಸವಿದ್ದುಕೊಂಡೇ ಪ್ರಯೋಗಾಲಯಕ್ಕೆ ಬರುತ್ತಿದ್ದಳೆಂದು ತಿಳಿದು ಅತ್ತೆಗೆ ಸಂಕಟವಾಯಿತು. ಸಂಜೆ ಉಪವಾಸ ಬಿಡುವಾಗ ಹೊಟ್ಟೆಗೆ ತಂಪಾಗಲಿ ಎಂದು ನನ್ನ ಕೈಯಲ್ಲಿ ಬೆಲ್ಲದ ಪಾನಕ, ಹೆಸರುಬೇಳೆ ಕೋಸಂಬರಿ ಕಟ್ಟಿಕೊಡುತ್ತಿದ್ದರು. ಹಾಸ್ಟೆಲಿನ ಹುಡುಗಿಯರೆಲ್ಲ ಖರ್ಜೂರದ ಪಕ್ಕದಲ್ಲಿ ಕೋಸಂಬರಿ ಇಟ್ಟುಕೊಂಡು ತಿಂದರಂತೆ. ಕಾಶ್ಮೀರದ ಹುಡುಗಿಯೊಬ್ಬಳು ಅದನ್ನು ಮಾಡುವ ಕ್ರಮ ಬರೆದುಕೊಂಡಳು ಎಂದು ಕೇಳಿ ಅತ್ತೆ ಎರಡು ದಿನ ಅದೇ ಮಾತಾಡಿದರು.

ನಮಗೆ ಆಗ ಒಂದು ಕೆಲಸ ಸಿಕ್ಕಿತ್ತು. ಮಳೆಗಾಲದಲ್ಲಿ ಯಮುನೆ ಉಕ್ಕಿದಾಗ ಎಲ್ಲೆಲ್ಲಿ ನೀರು ನಿಂತಿದೆ ಎಂದು ಮೇಲಿನಿಂದ ಫೋಟೊ ತೆಗೆಯಲು ಪೈಲಟ್ ಇಲ್ಲದ ಸಣ್ಣ ವಿಮಾನವೊಂದು ಬೇಕಿತ್ತು. ಇಂಜಿನ್, ಕ್ಯಾಮೆರಾ ಎಲ್ಲ ಬೇರೆಯವರು ನೋಡಿಕೊಳ್ಳುತ್ತಿದ್ದರು. ರೆಕ್ಕೆ ನಮ್ಮದು. ಉದ್ದದಲ್ಲಿ ನಮ್ಮ ಮಲಗುವ ಕೋಣೆಯ ಗೋಡೆಯಷ್ಟಿರುವ, ಒಬ್ಬಳೇ ಎತ್ತಿಕೊಂಡು ನಡೆಯಬಹುದಾದ ರೆಕ್ಕೆ. ಅದರ ವಿನ್ಯಾಸವೇ ಹುಡುಗಿಯ ಪಿಎಚ್‌ಡಿಯ ಮುಖ್ಯ ಭಾಗ.

ಒಂದು ಭಾನುವಾರ ಅತ್ತೆ ಚಿರೋಟಿ ಮಾಡುತ್ತಿದ್ದಾಗ ಹುಡುಗಿ ಅಡುಗೆಮನೆಯ ನೆಲದ ಮೇಲೆ ಕೂತು ಅವರಿಗೆ ಇದನ್ನೆಲ್ಲ ವಿವರಿಸಿದಳು. ತೆಳ್ಳಗೆ ಲಟ್ಟಿಸಿದ ಹಾಳೆಯ ಮೇಲೆ ಹಾಳೆ, ನಡುವೆ ತುಪ್ಪ ಮತ್ತು ಅಕ್ಕಿಹಿಟ್ಟು ಕಲಸಿದ ಸಾಟಿ.

"ನಮ್ಮದೂ ಹೀಗೇ ಅಜ್ಜಿ. ಹಾಳೆ ಕಪ್ಪಗಿರತ್ತೆ, ಸಾಟಿ ಬದಲು ಅಂಟು. ಆದರೆ ನಮ್ಮ ಪದರ ಬಿಚ್ಚಿಕೊಳ್ಳಬಾರದು."

"ಬಿಚ್ಚಿಕೊಳ್ಳದಿದ್ದರೆ ಅದೆಂಥ ಚಿರೋಟಿ" ಎಂದರು ಅತ್ತೆ. ಇನ್ನೊಂದು ಹಾಳೆ ಲಟ್ಟಿಸುತ್ತಾ, "ಅಷ್ಟು ಕಷ್ಟಪಟ್ಟು ಮಾಡಿ ಏನು ಮಾಡ್ತೀರಿ ಅದನ್ನ" ಎಂದು ಕೇಳಿದರು.

"ಮೊದಲನೇದನ್ನ ಮುರೀತೀವಿ" ಎಂದೆ ನಾನು.

ಅತ್ತೆ ಲಟ್ಟಣಿಗೆ ನಿಲ್ಲಿಸಿ ಹುಡುಗಿಯ ಮುಖ ನೋಡಿದರು. ಹುಡುಗಿ ನಕ್ಕಳು. ಆದರೆ ಆ ನಗು ಅರ್ಧದಲ್ಲೇ ನಿಂತದ್ದು ನನಗೆ ಕಂಡಿತು.

ಚಳಿಗಾಲವಿಡೀ ಅವಳು ಆ ರೆಕ್ಕೆ ಮಾಡಿದಳು. ಬಟ್ಟೆಯನ್ನು ಫ್ರೀಜರಿನಿಂದ ತೆಗೆದು ಹದಕ್ಕೆ ಬರುವವರೆಗೆ ಕಾಯುವುದು, ಒಂದೊಂದು ತುಂಡನ್ನೂ ಹೇಳಿದ ದಿಕ್ಕಿಗೆ ಕತ್ತರಿಸುವುದು, ಅಚ್ಚಿನ ಮೇಲೆ ಹಾಸಿ ಒಂದೂ ಗುಳ್ಳೆ ಇಲ್ಲದಂತೆ ತೀಡುವುದು, ಪ್ಲಾಸ್ಟಿಕ್ ಚೀಲ ಮುಚ್ಚಿ ಪಂಪಿನಿಂದ ಒಳಗಿನ ಗಾಳಿ ಎಳೆಯುವುದು, ಅವನ್‌ಗೆ ಹಾಕುವುದು. ಬೇರೆ ವಿದ್ಯಾರ್ಥಿಗಳು ಸಹಾಯಕ್ಕೆ ಬಂದರೂ ಒಳಗಿನ ತೊಲೆಯ ಕೆಲಸವನ್ನು ಅವಳು ಯಾರಿಗೂ ಬಿಡಲಿಲ್ಲ. ರೆಕ್ಕೆಯ ಬಲವೆಲ್ಲ ಇರುವುದು ಆ ತೊಲೆಯಲ್ಲೇ. ಸಿದ್ಧವಾದ ರೆಕ್ಕೆಯನ್ನು ತೂಗಿದಾಗ ಲೆಕ್ಕಕ್ಕಿಂತ ಭಾರವಾಗಿತ್ತು. "ಅಂಟು ಜಾಸ್ತಿ ಉಳಿದಿರಬೇಕು ಮೇಡಂ" ಎಂದಳು. ಮೊದಲ ಸಲ ಮಾಡಿದ್ದು ಯಾವಾಗಲೂ ಸ್ವಲ್ಪ ಭಾರವೇ. ನಾನು ಇರಲಿ ಎಂದೆ.

ಮುರಿಯುವುದಕ್ಕೊಂದು ಸ್ಟ್ಯಾಂಡ್ ಬೇಕಿತ್ತಲ್ಲ. ಅದನ್ನು ಫರೀದಾಬಾದಿನಲ್ಲಿ ಸಣ್ಣ ಫ್ಯಾಕ್ಟರಿ ಇಟ್ಟುಕೊಂಡಿದ್ದ ಒಬ್ಬ ಸರ್ದಾರ್‌ಜಿ ಮಾಡಿಕೊಟ್ಟರು. ಟ್ರಾಕ್ಟರಿನ ಬಿಡಿಭಾಗ ಮಾಡುವವರು. ಆಜಾನುಬಾಹು ಮನುಷ್ಯ. ಮಾತು ಅದಕ್ಕಿಂತ ದೊಡ್ಡದು. ಸ್ಟ್ಯಾಂಡನ್ನು ಟೆಂಪೋದಿಂದ ಇಳಿಸಿ, ಅದರ ಮೇಲೆ ತಾವೇ ಹತ್ತಿ ನಿಂತು, "ಮೇಡಂಜಿ, ನಿಮ್ಮ ರೆಕ್ಕೆ ಮುರಿಯಲಿ ಬಿಡಲಿ, ಇದು ಅಲ್ಲಾಡಲ್ಲ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರತ್ತೆ" ಎಂದು ಹಿಂದಿಯಲ್ಲಿ ಭರವಸೆ ಕೊಟ್ಟರು. ಪರೀಕ್ಷೆಯ ದಿನ ನೋಡುವುದಕ್ಕೂ ಬರುತ್ತೇನೆಂದರು.

ಅತ್ತೆಯೂ ಬರುತ್ತೇನೆಂದು ಹಟ ಹಿಡಿದರು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು, ಸ್ವೆಟರ್ ಹಾಕಿಕೊಂಡು, ಡಬ್ಬಿಯಲ್ಲಿ ಉಪ್ಪಿಟ್ಟು ಹಿಡಿದುಕೊಂಡು ನನ್ನ ಜೊತೆ ಹೊರಟರು. ಅವರನ್ನು ಬಾಗಿಲ ಬಳಿ, ಗಾಜಿನ ಪರದೆಯ ಹಿಂದೆ ಒಂದು ಕುರ್ಚಿ ಹಾಕಿ ಕೂರಿಸಿದೆವು. ಸರ್ದಾರ್‌ಜಿ ಅವರ ಪಾದ ಮುಟ್ಟಿ ನಮಸ್ಕರಿಸಿ ಪಕ್ಕದಲ್ಲಿ ನಿಂತರು.

ವಿಮಾನ ಹಾರುವಾಗ ಗಾಳಿ ರೆಕ್ಕೆಯನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಅದಕ್ಕೇ ಪರೀಕ್ಷೆಯಲ್ಲಿ ರೆಕ್ಕೆಯನ್ನು ಮಗುಚಿ, ಬುಡವನ್ನು ಸ್ಟ್ಯಾಂಡಿಗೆ ಬಿಗಿದು, ಮೇಲೆ ಮರಳಿನ ಚೀಲಗಳನ್ನು ಹೇರುತ್ತಾ ಹೋಗುತ್ತೇವೆ. ಹಾರಾಟದಲ್ಲಿ ಬೀಳಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟನ್ನು ರೆಕ್ಕೆ ತಡೆಯಬೇಕು. ಅದನ್ನು ದಾಟಿ ಸ್ವಲ್ಪ ಹೊತ್ತಿಗೆ ಮುರಿಯಬೇಕು. ಎಲ್ಲಿ ಮುರಿಯುತ್ತದೆಂದು ನಾವು ಮೊದಲೇ ಲೆಕ್ಕ ಹಾಕಿ ಸೀಮೆಸುಣ್ಣದ ಗೆರೆ ಎಳೆದಿದ್ದೆವು.

ಚೀಲಗಳು ಏರಿದವು. ರೆಕ್ಕೆಯ ತುದಿ ನಿಧಾನವಾಗಿ ಬಗ್ಗಿತು. ಒಂದೂವರೆ ಪಟ್ಟು ತಲುಪಿತು. ಏನೂ ಆಗಲಿಲ್ಲ. ಇನ್ನಷ್ಟು ಚೀಲ ಹಾಕಿದೆವು. ಏನೂ ಆಗಲಿಲ್ಲ. ನಮ್ಮ ಮರಳಿನ ಚೀಲಗಳೇ ಮುಗಿದವು. ಹುಡುಗರು ಓಡಿಹೋಗಿ ಹಾಸ್ಟೆಲ್ ಮೆಸ್ಸಿನಿಂದ ಗೋಧಿಹಿಟ್ಟಿನ ಮೂಟೆಗಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದರು. ಮೆಸ್ಸಿನ ಭಟ್ಟರು ಹಿಂದೆಯೇ ಬಂದು, ಹಿಟ್ಟು ಚೆಲ್ಲಿದರೆ ಸಂಜೆ ರೋಟಿ ಇಲ್ಲ ಎಂದು ಎಚ್ಚರಿಸಿ ಅಲ್ಲೇ ನಿಂತರು. ಹಿಟ್ಟಿನ ಮೂಟೆಗಳೂ ಏರಿದವು. ಆಗ ದಢಾರನೆ ಒಂದು ಸದ್ದಾಯಿತು. ರೆಕ್ಕೆ ಬುಡಸಮೇತ ಕೆಳಗೆ ವಾಲಿತು, ಮೂಟೆಗಳು ಜಾರಿದವು, ಕೋಣೆಯ ತುಂಬ ಬಿಳಿ ಧೂಳೆದ್ದಿತು.

ಧೂಳು ಇಳಿದ ಮೇಲೆ ನೋಡಿದರೆ ರೆಕ್ಕೆಗೆ ಒಂದು ಗೀರೂ ಆಗಿರಲಿಲ್ಲ. ಸ್ಟ್ಯಾಂಡಿನ ಬೋಲ್ಟುಗಳು ಕತ್ತರಿಸಿಹೋಗಿದ್ದವು.

ಹುಡುಗರು ಚಪ್ಪಾಳೆ ತಟ್ಟಿ ಕುಣಿದರು. ಗಡ್ಡದ ತುಂಬ ಹಿಟ್ಟು ಮೆತ್ತಿಕೊಂಡಿದ್ದ ಸರ್ದಾರ್‌ಜಿ ಬೋಲ್ಟಿನ ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅತ್ತೆಯ ಕಣ್ಣಲ್ಲಿ ನೀರಿತ್ತು. "ನೋಡಿದೆಯಾ, ನನ್ನ ಮಗಳು ಮಾಡಿದ್ದು ಮುರೀಲಿಲ್ಲ" ಎಂದು ನನಗೆ ಹೇಳಿ ಹುಡುಗಿಯ ಕೆನ್ನೆ ಹಿಡಿದರು. ಹುಡುಗಿ ನೆಲ ನೋಡುತ್ತಿದ್ದಳು. ಹಿಟ್ಟಿನ ಚಿಂತೆಯ ಭಟ್ಟರನ್ನು ಬಿಟ್ಟರೆ, ಸಂತೋಷಪಡದೆ ನಿಂತಿದ್ದವರು ಆ ಕೋಣೆಯಲ್ಲಿ ಮೂವರೇ: ಸರ್ದಾರ್‌ಜಿ, ನಾನು, ಅವಳು.

ಮುರಿಯದ ರೆಕ್ಕೆ ನಮ್ಮ ಕಸುಬಿನಲ್ಲಿ ಒಳ್ಳೆಯ ಸುದ್ದಿಯಲ್ಲ. ಬೇಕಾದುದಕ್ಕಿಂತ ಹೆಚ್ಚು ಗಟ್ಟಿ ಎಂದರೆ ಬೇಕಾದುದಕ್ಕಿಂತ ಹೆಚ್ಚು ಭಾರ. ಆ ಭಾರಕ್ಕೆ ಇಂಧನ ಕಡಿಮೆ ಮಾಡಬೇಕು, ಇಲ್ಲವೇ ಕ್ಯಾಮೆರಾ ಬಿಡಬೇಕು. ಅದಕ್ಕಿಂತ ಹೆಚ್ಚಾಗಿ, ನಮ್ಮ ಲೆಕ್ಕ ಎಲ್ಲೋ ತಪ್ಪಿದೆ ಎಂದರ್ಥ. ಎಲ್ಲಿ ಎಂದು ತಿಳಿಯುವವರೆಗೆ ಮುಂದೆ ಹೋಗುವಂತಿಲ್ಲ. ಮರುದಿನ ರೆಕ್ಕೆಯ ಬುಡದ ಕಡೆಯಿಂದ ಒಂದು ಹೋಳು ಕೊಯ್ಯಿಸಿ, ಅಂಚನ್ನು ಉಜ್ಜಿ ನುಣುಪು ಮಾಡಿ, ಭೂತಗನ್ನಡಿಯ ಕೆಳಗೆ ಇಟ್ಟು ನೋಡಿದೆ. ಪದರಗಳು ಪುಸ್ತಕದ ಹಾಳೆಗಳ ಹಾಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ತೊಲೆಯ ಮೇಲೂ ಕೆಳಗೂ ನಕ್ಷೆಯಲ್ಲಿ ಇಲ್ಲದ ಪದರಗಳಿದ್ದವು. ಅಚ್ಚುಕಟ್ಟಾಗಿ, ಒಂದು ಗುಳ್ಳೆಯೂ ಇಲ್ಲದೆ ಕೂರಿಸಿದ್ದ ಪದರಗಳು.

ಹುಡುಗಿಯನ್ನು ಕರೆದೆ. ಅವಳು ಬಂದು ಮೇಜಿನ ಮೇಲಿದ್ದ ಹೋಳು ನೋಡಿದ ಕೂಡಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ನಾನೇ ಹಾಕಿದೆ ಮೇಡಂ."

"ಅದು ಗೊತ್ತು. ಇಷ್ಟು ಚೆನ್ನಾಗಿ ಬೇರೆ ಯಾರಿಗೂ ಹಾಕೋಕೆ ಬರಲ್ಲ. ಯಾಕೆ ಅಂತ ಹೇಳು."

ಹೋಳನ್ನು ಕೈಗೆತ್ತಿಕೊಂಡಳು. "ಅಪ್ಪ ವಾರಕ್ಕೊಂದು ಸಲ ಫೋನ್ ಮಾಡ್ತಾರೆ. ಪ್ರತಿ ಸಲಾನೂ ಅದೇ ಕೇಳ್ತಾರೆ, ನೀನು ಮಾಡ್ತಿರೋದು ಗಟ್ಟಿ ಇದೆಯಾ ಅಂತ. ಅವರ ಕೆಲಸದಲ್ಲಿ ಏನಾದರೂ ಬಿರುಕು ಬಿಡ್ತು ಅಂದರೆ ಯಾರೋ ತಪ್ಪು ಮಾಡಿದಾರೆ ಅಂತ. ಮುರಿಯೋದಕ್ಕೇ ಮಾಡ್ತಿದೀನಿ ಅಂತ ನನಗೆ ಅವರಿಗೆ ಹೇಳೋಕಾಗಲಿಲ್ಲ. ಮೊದಲು ಒಂದು ಪದರ ಸೇರಿಸಿದೆ. ಆಮೇಲೆ ಮಲಗಿದರೂ ಅದೇ ಯೋಚನೆ, ಸಾಕಾಗತ್ತೋ ಇಲ್ವೋ ಅಂತ. ಇನ್ನೂ ಸೇರಿಸಿದೆ." ದುಪ್ಪಟ್ಟಾದ ತುದಿಯಿಂದ ಮೂಗು ಒರೆಸಿಕೊಂಡಳು. "ಅಷ್ಟು ತಿಂಗಳು ಕೈಯಲ್ಲಿ ಇಟ್ಟುಕೊಂಡಿದ್ದನ್ನ ಮುರಿಯೋದು ನೋಡೋಕೆ ಆಗಲ್ಲ ಅನ್ನಿಸ್ತು ಮೇಡಂ. ನನ್ನನ್ನ ತೆಗೆದುಹಾಕ್ತೀರಾ?"

ಬೈಯಬೇಕಾಗಿತ್ತು. ನಕ್ಷೆ ಒಂದು ಹೇಳಿ ಕೈ ಇನ್ನೊಂದು ಮಾಡುವುದು ನಮ್ಮಲ್ಲಿ ಸಣ್ಣ ತಪ್ಪಲ್ಲ, ವಿಮಾನದ ಕೆಲಸದಲ್ಲಂತೂ ಅಲ್ಲವೇ ಅಲ್ಲ. ಅದನ್ನು ಅವಳಿಗೆ ಗಟ್ಟಿಯಾಗಿಯೇ ಹೇಳಿದೆ. ಇನ್ನು ಮುಂದೆ ನನಗೆ ಹೇಳದೆ ಒಂದು ನೂಲೂ ಸೇರಿಸಬಾರದೆಂದೆ. ಅವಳು ತಲೆಯಾಡಿಸಿದಳು. ಆದರೆ ಒಳಗೊಳಗೆ ನನಗೆ ಅವಳ ಮೇಲೆ ಬಂದದ್ದು ಸಿಟ್ಟಲ್ಲ. ಬೆಂಗಳೂರಿನಲ್ಲಿ ನಾನು ಮಾಡಿದ ಮೊದಲ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ಎಳೆದು ಮುರಿದ ದಿನ ನಾನು ಹೊರಗೆ ಹೋಗಿ ಕಾಫಿ ಕುಡಿದು ಬಂದಿದ್ದೆ, ಆ ಸದ್ದು ಕೇಳಬಾರದೆಂದು.

"ತೆಗೆದುಹಾಕಿದರೆ ಇನ್ನೊಂದು ರೆಕ್ಕೆ ಯಾರು ಮಾಡ್ತಾರೆ" ಎಂದೆ. "ನೋಡು, ಇದು ಗಟ್ಟಿ ಇದೆ, ನಿಜ. ಆದರೆ ನೆಲ ಬಿಟ್ಟು ಏಳಲ್ಲ. ನಿಮ್ಮ ಅಪ್ಪನಿಗೆ ಅಷ್ಟೇ ಹೇಳು. ಅವರಿಗೆ ಅರ್ಥ ಆಗತ್ತೆ."

"ಹೇಗೆ ಹೇಳಲಿ?"

"ಕನ್ನಡದಲ್ಲಿ ಹೇಳು."

ಅವಳು ಅಳುತ್ತಿದ್ದವಳು ನಕ್ಕಳು. ಆ ವಾರ ಅವಳು ಅಪ್ಪನಿಗೆ ಎಲ್ಲ ಹೇಳಿದಳಂತೆ. ಅವರು ಎಲ್ಲ ಕೇಳಿಸಿಕೊಂಡು, "ಮುರಿದರೆ ತಾನೇ ಒಳಗೇನಿದೆ ಅಂತ ಗೊತ್ತಾಗೋದು, ಮುರಿ" ಎಂದರಂತೆ. ಅವಳು ಬೆಳಿಗ್ಗೆ ಬಂದು ನನಗೆ ಇದನ್ನು ಹೇಳುವಾಗ ಅವಳ ಮುಖ ತೊಳೆದಿಟ್ಟ ಹಾಗಿತ್ತು.

ಎರಡನೆಯ ರೆಕ್ಕೆ ಬೇಸಿಗೆಯಲ್ಲಿ ಶುರುವಾಯಿತು. ದೆಹಲಿಯ ಬೇಸಿಗೆಯೆಂದರೆ ಕೇಳಬೇಕೆ. ಬಟ್ಟೆ ಫ್ರೀಜರಿನಿಂದ ಹೊರಗೆ ಬಂದ ಕೂಡಲೇ ಅಂಟಂಟಾಗುತ್ತಿತ್ತು. ಪ್ರಯೋಗಾಲಯಕ್ಕೆ ಒಂದು ಎ.ಸಿ. ಇತ್ತು, ಕರೆಂಟ್ ಇರುತ್ತಿರಲಿಲ್ಲ. ನಸುಕಿನ ತಂಪಿನಲ್ಲೇ ಕೆಲಸ ಮಾಡೋಣ ಎಂದು ಅವಳೇ ಹೇಳಿದಳು. ಬೆಳಿಗ್ಗೆ ನಾನು ದ್ವಾರಕಾದಿಂದ ಹೋಗುವಷ್ಟರಲ್ಲಿ ಅವಳು ಕೈಗವಸು ಹಾಕಿಕೊಂಡು ಅಚ್ಚಿನ ಮುಂದೆ ನಿಂತಿರುತ್ತಿದ್ದಳು. ಪ್ರತಿ ಪದರ ಹಾಕುವ ಮೊದಲೂ ತಿರುಗಿ ನನ್ನ ಕಡೆ ನೋಡುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಕೆಲವು ವಾರಗಳಾದ ಮೇಲೆ ನೋಡುವುದನ್ನು ನಿಲ್ಲಿಸಿದಳು. ಅದೂ ನನಗೆ ಸಂತೋಷವೇ ಆಯಿತು.

ಸರ್ದಾರ್‌ಜಿ ಈ ನಡುವೆ ತಮ್ಮ ಸ್ಟ್ಯಾಂಡನ್ನು ಫರೀದಾಬಾದಿಗೆ ವಾಪಸ್ ಒಯ್ದಿದ್ದರು. ಅದು ತಿರುಗಿ ಬಂದಾಗ ಗುರುತೇ ಸಿಗಲಿಲ್ಲ. ಸೇತುವೆಗೆ ಹಾಕುವಷ್ಟು ದಪ್ಪದ ಕಂಬಗಳು, ಹೆಬ್ಬೆರಳಿನಷ್ಟು ದಪ್ಪದ ಬೋಲ್ಟುಗಳು. ಇಳಿಸಲು ಎಂಟು ಹತ್ತು ಜನ ಬೇಕಾಯಿತು. "ಈಗ ನಿಮ್ಮ ಹುಡುಗಿ ಏನು ಬೇಕಾದರೂ ಮಾಡಲಿ" ಎಂದರು. ಸ್ಟ್ಯಾಂಡ್ ಭಾರ ಇದ್ದರೆ ಯಾರಿಗೂ ತೊಂದರೆಯಿಲ್ಲ, ಅದೇನೂ ಹಾರಬೇಕಾಗಿಲ್ಲ ಎಂದು ಹುಡುಗಿ ಹೇಳಿದ್ದು ಅವರಿಗೆ ಬಹಳ ಹಿಡಿಸಿತು.

ಮಳೆ ನಿಂತ ಮೇಲೆ ಎರಡನೆಯ ಪರೀಕ್ಷೆ ಇಟ್ಟೆವು. ಅತ್ತೆ ಮತ್ತೆ ಬಂದರು. ದಾರಿಯಲ್ಲಿ ಕಾರಿನಲ್ಲಿ ಅವರು ಕೇಳಿದ್ದು ಒಂದೇ: "ಇವತ್ತು ಮುರಿದರೆ ಒಳ್ಳೇದೋ ಕೆಟ್ಟದ್ದೋ, ಮೊದಲೇ ಹೇಳಿಬಿಡು. ನಾನು ಅದೇ ಕೇಳಿಕೊಳ್ತೀನಿ."

"ಸರಿಯಾದ ಹೊತ್ತಿಗೆ ಮುರಿಯಬೇಕು ಅತ್ತೆ."

"ದೇವರಿಗೆ ಇದನ್ನ ಹೇಗೆ ಹೇಳೋದು" ಎಂದು ಗೊಣಗಿದರು.

ಈ ಸಲ ಚೀಲಗಳನ್ನು ಇಡುವ ಕೆಲಸವನ್ನು ಹುಡುಗಿ ತಾನೇ ಮಾಡುತ್ತೇನೆಂದಳು. ರೆಕ್ಕೆ ಮೊದಲಿಗಿಂತ ಹೆಚ್ಚು ಬಗ್ಗಿತು. ಹುಣಸೆ ಬರಲಿನ ಹಾಗೆ ಬಾಗಿ ನಿಂತಿತು. ಒಂದೂವರೆ ಪಟ್ಟಿನ ಹತ್ತಿರ ಬರುತ್ತಿದ್ದಂತೆ ಒಳಗಿನಿಂದ ಚಿಟ್ ಚಿಟ್ ಎಂಬ ಸದ್ದು ಶುರುವಾಯಿತು. ಒಂದೊಂದೇ ನಾರು ಕಡಿಯುವ ಸದ್ದು ಅದು.

"ಒಗ್ಗರಣೆ ಸಿಡಿದ ಹಾಗಿದೆ" ಎಂದು ಅತ್ತೆ ಪರದೆಯ ಹಿಂದಿನಿಂದ ಪಿಸುಗುಟ್ಟಿದರು.

ಒಂದೂವರೆ ಪಟ್ಟು ತಲುಪಿತು. ನಿಯಮದ ಪ್ರಕಾರ ಅಷ್ಟು ಭಾರ ಹೊತ್ತು ಸ್ವಲ್ಪ ಹೊತ್ತು ನಿಲ್ಲಬೇಕು. ನಿಂತಿತು. ನಾನು ಕೈ ಎತ್ತಿ ಮುಂದುವರಿಸು ಎಂದೆ. ಹುಡುಗಿ ಒಂದು ಚೀಲ ಇಟ್ಟಳು, ಇನ್ನೊಂದು ಇಟ್ಟಳು. ಮತ್ತೊಂದನ್ನು ಎತ್ತಿಕೊಂಡು, ಮಗುವನ್ನು ಮಲಗಿಸುವ ಹಾಗೆ ಎರಡೂ ಕೈಯಿಂದ ಮೆಲ್ಲಗೆ ಇಟ್ಟು, ಹಿಂದೆ ಸರಿದಳು. ಅವಳು ಪರದೆಯ ಈಚೆ ಬಂದು ನಿಲ್ಲುವುದಕ್ಕೂ ರೆಕ್ಕೆ ಕೋವಿ ಹಾರಿಸಿದಂಥ ಸದ್ದಿನೊಂದಿಗೆ ಮುರಿಯುವುದಕ್ಕೂ ಸರಿಹೋಯಿತು. ಚೀಲಗಳೆಲ್ಲ ನೆಲಕ್ಕುರುಳಿದವು. ಸರ್ದಾರ್‌ಜಿ ಮೊದಲು ಓಡಿದ್ದು ತಮ್ಮ ಸ್ಟ್ಯಾಂಡಿನ ಬಳಿಗೆ. ಅದು ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ನಾನು ಮತ್ತು ಹುಡುಗಿ ರೆಕ್ಕೆಯ ಬಳಿ ಹೋದೆವು. ಸೀಮೆಸುಣ್ಣದ ಗೆರೆಗೆ ಒಂದು ಗೇಣು ಈಚೆಗೆ ಮುರಿದಿತ್ತು; ಅಷ್ಟು ವ್ಯತ್ಯಾಸ ನಮ್ಮ ಲೆಕ್ಕದ ಒಳಗೇ ಇತ್ತು. ಕಪ್ಪು ನಾರುಗಳು ಹಳೆಯ ಪೊರಕೆಯ ಹಾಗೆ ಕೆದರಿಕೊಂಡಿದ್ದವು. ಅವಳು ಮೊಣಕಾಲೂರಿ ಕೂತು, ನಾರು ಚುಚ್ಚದಂತೆ ಎಚ್ಚರಿಕೆಯಿಂದ ಮುರಿದ ಅಂಚಿನ ಪಕ್ಕದಲ್ಲಿ ಕೈಯಿಟ್ಟಳು. ನಕ್ಕಳು, ಅತ್ತಳು, ಎರಡೂ ಒಟ್ಟಿಗೆ. "ಸರಿಯಾಗಿದೆ ಮೇಡಂ" ಎಂದಳು. "ಸರಿಯಾಗಿ ಮುರಿದಿದೆ."

ಅತ್ತೆ ಪರದೆ ದಾಟಿ ಬಂದರು. ಯಾವ ಕಡೆಗೆ ಮುಖ ಮಾಡಬೇಕೆಂದು ತಿಳಿಯದೆ ನಮ್ಮಿಬ್ಬರನ್ನೂ ನೋಡಿದರು. ನಾವು ನಗುತ್ತಿರುವುದು ಖಾತ್ರಿಯಾದ ಮೇಲೆ, "ಹಾಗಾದರೆ ಊಟ ಮಾಡೋಣ ಬನ್ನಿ, ಎಲ್ಲ ಆರಿಹೋಗ್ತಿದೆ" ಎಂದರು. ಆವತ್ತು ಪ್ರಯೋಗಾಲಯದ ಹೊರಗಿನ ಬೇವಿನ ಮರದ ಕೆಳಗೆ ಸರ್ದಾರ್‌ಜಿ ಬಿಸಿಬೇಳೆ ಅನ್ನವನ್ನು ಮೂರು ಸಲ ಹಾಕಿಸಿಕೊಂಡರು. ಇದನ್ನು ಏನೆನ್ನುತ್ತಾರೆ ಎಂದು ಕೇಳಿ, ಹೇಳಲು ಹೋಗಿ, ಸೋತು, "ಅಚ್ಛಾ, ಖಿಚಡಿ" ಎಂದು ತಮಗೆ ತಾವೇ ಅನುವಾದಿಸಿಕೊಂಡರು. ಅತ್ತೆ ಅದೊಂದನ್ನು ಮಾತ್ರ ಒಪ್ಪಲಿಲ್ಲ.

ಮೂರನೆಯದು ಹಾರುವುದಕ್ಕೆಂದು ಮಾಡಿದ, ಎಡಕ್ಕೊಂದು ಬಲಕ್ಕೊಂದು ಇರುವ ರೆಕ್ಕೆಗಳ ಜೋಡಿ. ಅದನ್ನು ವಿಮಾನಕ್ಕೆ ಜೋಡಿಸಿ ಎಲ್ಲ ಮುಗಿಯುವಷ್ಟರಲ್ಲಿ ಚಳಿಗಾಲ ಬಂದಿತ್ತು. ಜನವರಿಯ ಮಂಜಿನಲ್ಲಿ ಯಾರೂ ಏನನ್ನೂ ಹಾರಿಸುವಂತಿರಲಿಲ್ಲ. ಫೆಬ್ರವರಿಯಲ್ಲಿ ಬಿಸಿಲು ಬಂದ ಮೇಲೆ ದಿನ ಗೊತ್ತು ಮಾಡಿದೆವು. ಹುಡುಗಿಯ ತಂದೆ ಅಷ್ಟರಲ್ಲಿ ಕಾರ್ಖಾನೆಯಿಂದ ನಿವೃತ್ತರಾಗಿದ್ದರು. ಅವರು ಭದ್ರಾವತಿಯಿಂದ ಬಂದು ನಮ್ಮ ಮನೆಯಲ್ಲೇ ಉಳಿದರು. ಗಿಡ್ಡಗೆ, ಗಟ್ಟಿಮುಟ್ಟಾಗಿದ್ದ ಮನುಷ್ಯ. ಮಾತು ಕಡಿಮೆ. ಅತ್ತೆಗೆ ಊರಿನ ಅಂಗಡಿಯ ಕಾಫಿಪುಡಿ, ನನಗೆ ಒಂದು ಚೀಲ ಮಂಡಕ್ಕಿ ತಂದಿದ್ದರು.

ಬೆಳಿಗ್ಗೆ ಜೀಪಿನಲ್ಲಿ ಎಲ್ಲರೂ ಊರಾಚೆಯ ಬಯಲಿಗೆ ಹೋದೆವು. ಸುತ್ತ ಸಾಸಿವೆ ಹೊಲ ಹಳದಿಯಾಗಿ ಹೂ ಬಿಟ್ಟಿತ್ತು. ಬಿಚ್ಚಿ ತಂದಿದ್ದ ವಿಮಾನವನ್ನು ಮತ್ತೆ ಜೋಡಿಸುವ ಮೊದಲು ಹುಡುಗಿ ಒಂದು ರೆಕ್ಕೆಯನ್ನು ಅಪ್ಪನ ಕೈಗೆ ಕೊಟ್ಟಳು. ಅವರು ಕಾಲು ಅಗಲಿಸಿ, ಸೊಂಟ ಗಟ್ಟಿ ಮಾಡಿಕೊಂಡು ಕೈ ಚಾಚಿದರು. ರೆಕ್ಕೆ ಕೈಗೆ ಬಂದ ಮೇಲೆ ಒಂದು ಕ್ಷಣ ಅವರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ.

"ಇಷ್ಟೇನಾ?"

"ಇಷ್ಟೇ ಅಪ್ಪ."

"ನಮ್ಮಲ್ಲಿ ಇಷ್ಟುದ್ದದ್ದು ಎತ್ತೋಕೆ ಕ್ರೇನ್ ತರಿಸ್ತಿದ್ವಿ" ಎಂದರು. ರೆಕ್ಕೆಯನ್ನು ಹಿಂದಿರುಗಿಸುವ ಮೊದಲು ಅದರ ಬುಡದ ಮೇಲೆ ಅಂಗೈ ಸವರಿ, ಬಾಗಿ, ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿದರು. ಏನು ಕೇಳಿಸಿತೋ, ತಲೆದೂಗಿದರು.

ದೂರದಿಂದ ರೇಡಿಯೋದಲ್ಲಿ ವಿಮಾನ ನಡೆಸುವ ಹವ್ಯಾಸವಿದ್ದ ಒಬ್ಬ ನಿವೃತ್ತ ವಾಯುಪಡೆ ಅಧಿಕಾರಿ ಹಾರಿಸುವುದಕ್ಕೆ ಬಂದಿದ್ದರು. ಇಂಜಿನ್ ಗುಂಯ್‌ಗುಟ್ಟಿತು. ವಿಮಾನ ಗಟ್ಟಿ ಮಣ್ಣಿನ ಮೇಲೆ ಕುಪ್ಪಳಿಸುತ್ತಾ ಓಡಿ, ನಾನು ಇನ್ನೇನು ವೇಗ ಸಾಲದು ಎಂದುಕೊಳ್ಳುವಷ್ಟರಲ್ಲಿ ನೆಲ ಬಿಟ್ಟಿತು. ಸಾಸಿವೆ ಹೊಲದ ಮೇಲೆ ತಿರುವು ತೆಗೆದುಕೊಂಡಾಗ ರೆಕ್ಕೆಯ ತುದಿಗಳು ಚೂರು ಮೇಲಕ್ಕೆ ಬಾಗಿದ್ದು ಬಿಸಿಲಿನಲ್ಲಿ ಕಂಡಿತು. ಅತ್ತೆ ನನ್ನ ತೋಳು ಹಿಡಿದುಕೊಂಡಿದ್ದರು. ಹುಡುಗಿ ಮುಖದ ಮೇಲೆ ಕೈ ಅಡ್ಡ ಹಿಡಿದು, ಬೆರಳ ಸಂದಿಯಿಂದ ನೋಡುತ್ತಿದ್ದಳು. ಅವಳ ತಂದೆ ಜೇಬಿನಿಂದ ಮೊಬೈಲ್ ತೆಗೆದು ಊರಿಗೆ ಫೋನ್ ಹಚ್ಚಿ, ಹೆಂಡತಿಗೆ ಹೇಳಿದ್ದು ಇಷ್ಟೇ: "ಹಾರ್ತಾ ಇದೆ... ಹೂಂ... ಇಲ್ಲ, ಇನ್ನೂ ಮೇಲೇ ಇದೆ."

ಕೆಲವು ಸುತ್ತು ಹಾಕಿ ವಿಮಾನ ಇಳಿಯಿತು. ಗಾಳಿಗೆ ಸ್ವಲ್ಪ ಪಕ್ಕಕ್ಕೆ ಸರಿದು, ಬಯಲು ದಾಟಿ ಸಾಸಿವೆಯೊಳಗೆ ನುಗ್ಗಿ ನಿಂತಿತು. ಹೊಲದವರು ಬೈಯುತ್ತಾ ಬಂದವರು, ವಿಮಾನ ನೋಡಿ, ಒಳಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಎತ್ತಿ ತರಲು ಕೈ ಜೋಡಿಸಿದರು. ರೆಕ್ಕೆಗೆ ಏನೂ ಆಗಿರಲಿಲ್ಲ.

ಹುಡುಗಿ ಪಿಎಚ್‌ಡಿ ಮುಗಿಸಿ ವಿಮಾನದ ಭಾಗಗಳನ್ನು ಪರೀಕ್ಷಿಸುವ ಕೆಲಸಕ್ಕೆ ಸೇರಿದಳು. ಅದು ಆಮೇಲಿನ ಮಾತು. ಅಂದು ವಾಪಸಾಗುವಾಗ ಅವಳು ಜೀಪಿನ ಹಿಂದಿನ ಸೀಟಿನಲ್ಲಿ ಅತ್ತೆಯ ಹೆಗಲಿಗೆ ಒರಗಿ ನಿದ್ದೆಹೋಗಿದ್ದಳು. ಹಿಂದಿನ ಎಷ್ಟೋ ವಾರಗಳ ನಿದ್ದೆ ಅದು. ಅವಳ ತಂದೆ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತು, ದಾರಿಯಲ್ಲಿ ಕಟ್ಟುತ್ತಿದ್ದ ಮೆಟ್ರೋ ಕಂಬಗಳನ್ನೂ ಹೊಸ ಫ್ಲೈಓವರ್‌ಗಳನ್ನೂ ನೋಡುತ್ತಾ, ಇದು ಏನು ಮೇಡಂ, ಅದು ಎಲ್ಲಿಗೆ ಹೋಗತ್ತೆ ಎಂದು ಮೆಲ್ಲಗೆ ಕೇಳುತ್ತಿದ್ದರು. ಮಗಳಿಗೆ ಎಚ್ಚರವಾಗದಿರಲಿ ಎಂದು ನಾನೂ ಮೆಲ್ಲಗೆ ಉತ್ತರ ಹೇಳುತ್ತಾ ಹೋದೆ.